ಸತುವಿನ ಕೊಸರು

ನನ್ನ ಹೆಸರು ಮಾರಕ್ಕ. ಹೆಸರು ಊರಮ್ಮನದು, ಕೆಲಸ ಕೋಳಿ ಡಾಕ್ಟರದು. ಮಾರಮ್ಮನಿಗೆ ಕೋಳಿ ಕುಯ್ಯುವುದನ್ನು ನೋಡಿದ್ದೇವೆ, ಮಾರಮ್ಮನೇ ಕೋಳಿ ಉಳಿಸಲು ಸೂಜಿ ಹಿಡಿದು ಓಡಾಡುವುದನ್ನು ಇಲ್ಲೇ ನೋಡಿದ್ದು ಎಂದು ದುರ್ಗದ ಕಡೆಯ ನಮ್ಮ ತಾಲ್ಲೂಕಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾನು ಹೇಳಹೊರಟಿದ್ದು ಬಲಸೂಚಿಯ ವಿಷಯ, ಮತ್ತು ಅದನ್ನು ನಂಬಿದ್ದಕ್ಕೆ ನನ್ನ ಅತ್ತಿಗೆ ಓಬಕ್ಕ ಏನು ತೆರಬೇಕಾಯಿತು ಎಂಬುದು.

ಬಲಸೂಚಿ ಎಂದರೆ, ಶೆಡ್ಡಿನಲ್ಲಿ ಕೋಳಿಗಳು ನೀರು ಕುಡಿಯುವ ನಿಪ್ಪಲ್ಲಿನೊಳಗೆ ಕೂರಿಸಿದ ಅಕ್ಕಿಕಾಳಿನಷ್ಟು ಚಿಪ್ಪು. ಕೋಳಿ ಬಂದು ಕುಟುಕಿದಾಗ ಅದರ ಜೊಲ್ಲು ಒಂಚೂರು ಚಿಪ್ಪಿಗೆ ತಾಗುತ್ತದೆ. ಆ ಜೊಲ್ಲಿನಲ್ಲಿ ಒಂದು ಬಗೆಯ ಪ್ರೋಟೀನು ಇರುತ್ತದೆ. ಮೈಗೆ ಸೇರಿದ ಸತು, ತಾಮ್ರಗಳನ್ನು ಹಿಡಿದಿಟ್ಟುಕೊಂಡು ಬೇಕಾದ ಕಡೆಗೆ ಒಯ್ಯುವ ಆಳು ಅದು. ಚೆನ್ನಾಗಿ ಉಂಡು ಗಟ್ಟಿಯಾಗಿರುವ ಕೋಳಿಯಲ್ಲಿ ಅದು ಹೆಚ್ಚು, ಸೊರಗಿದ ಕೋಳಿಯಲ್ಲಿ ಕಡಿಮೆ. ಅದನ್ನು ಅಳೆದರೆ ರೋಗ ತಡೆಯುವ ಬಲವನ್ನೇ ಅಳೆದಂತೆ ಎಂದು ಚಿಪ್ಪು ಮಾಡಿದವರು ಹೇಳಿದರು. ಒಂದೊಂದು ಶೆಡ್ಡಿಗೂ ಒಂದು ಬಣ್ಣ. ಬಾಗಿಲ ಮೇಲೆ ದೀಪ, ಯಜಮಾನರ ಫೋನಿನಲ್ಲಿ ದೀಪ, ನಮ್ಮ ಪ್ರಯೋಗಾಲಯದ ಗೋಡೆಯ ಮೇಲಿನ ದೊಡ್ಡ ನಕ್ಷೆಯಲ್ಲೂ ದೀಪ. ಹಸಿರಾದರೆ ಬಲ ಇದೆ, ಹಳದಿಯಾದರೆ ನಿಗಾ ಬೇಕು, ಕೆಂಪಾದರೆ ಬಲ ಇಲ್ಲ.

ಸರಕಾರ ಇದರ ಮೇಲೆ ಒಂದು ನಿಯಮವನ್ನೂ ಮಾಡಿತು. ಹಿಂಡುಗಟ್ಟಲೆ ಕೋಳಿ ಕೊಲ್ಲುವ ಕೊಕ್ಕರೆ ರೋಗ ಎಲ್ಲಾದರೂ ಕಾಣಿಸಿಕೊಂಡರೆ ಅದರ ಸುತ್ತಲಿನ ವಲಯದ ಕೆಂಪು ಶೆಡ್ಡುಗಳ ಕೋಳಿಗಳನ್ನು ಮೊದಲೇ ಕೊಂದು ಹೂಳಬೇಕು. ಬಲವಿಲ್ಲದ ಕೋಳಿಯೇ ರೋಗ ಹರಡುವುದು ಎಂಬ ಲೆಕ್ಕ. ಹಸಿರು ಶೆಡ್ಡಿನ ತಂಟೆಗೆ ಯಾರೂ ಹೋಗುವಂತಿಲ್ಲ. ಆದೇಶ ಯಂತ್ರವೇ ಹೊರಡಿಸುತ್ತದೆ. ತಡೆಯಬೇಕೆಂದರೆ ಪ್ರಯೋಗಾಲಯದ ಮುಖ್ಯಸ್ಥರು ತಮ್ಮ ಮೈಮೇಲೆ ಹಾಕಿಕೊಂಡು ಸಹಿ ಮಾಡಬೇಕು. ಯಾರು ಮಾಡುತ್ತಾರೆ?

ಜನ ಎಷ್ಟು ಬೇಗ ಹೊಂದಿಕೊಂಡರು ಅಂದರೆ, ವರ್ಷ ತುಂಬುವುದರೊಳಗೆ ಮಂಡಕ್ಕಿ ಮಿರ್ಚಿ ತಿನ್ನುವ ಹೋಟೆಲಿನಲ್ಲಿ ಮಳೆಬೆಳೆಯ ಮಾತು ನಿಂತು ದೀಪದ ಮಾತು ಶುರುವಾಯಿತು. ಹೆಣ್ಣು ಕೊಡುವವರು ಹುಡುಗನ ಮನೆಯ ಶೆಡ್ಡು ಯಾವ ಬಣ್ಣ ಎಂದು ವಿಚಾರಿಸತೊಡಗಿದರು. ನಮ್ಮ ಪಕ್ಕದ ಫಾರಮ್ಮಿನ ಸಣ್ಣಬೋರಯ್ಯ ಬೆಳಗ್ಗೆ ಎದ್ದು ದೇವರ ಪಟಕ್ಕೆ ಕೈಮುಗಿಯುವ ಮುಂಚೆ ಫೋನು ನೋಡುತ್ತಿದ್ದ. ಇದು ಉತ್ಪ್ರೇಕ್ಷೆಯಲ್ಲ, ಅವನ ಹೆಂಡತಿಯೇ ಹೇಳಿದ್ದು.

ಓಬಕ್ಕ ನನ್ನ ತೀರಿಕೊಂಡ ಅಣ್ಣನ ಹೆಂಡತಿ. ಈ ತಾಲ್ಲೂಕಿಗೆ ವರ್ಗವಾಗಿ ಬಂದಾಗಿನಿಂದ ನಾನು ಅವಳ ಮನೆಯಲ್ಲೇ ಇದ್ದೇನೆ. ಒಂದು ದಿನದ ಮರಿ ತಂದು, ಮೊಟ್ಟೆಗೆ ಬರುವ ಹೊತ್ತಿಗೆ ಮೊಟ್ಟೆ ಫಾರಮ್ಮಿನವರಿಗೆ ಕೊಡುವುದು ಅವಳ ಕಸುಬು. ಮನೆಯ ಎಡಬಲಕ್ಕೆ ಎರಡು ಶೆಡ್ಡು, ಒಂದು ಮೂಡಲಿಗೆ, ಒಂದು ಪಡುವಲಿಗೆ. ಆ ಸಲ ಎರಡರಲ್ಲೂ ಒಂದೇ ತಂಡದ ಮರಿಗಳಿದ್ದವು. ಓಬಕ್ಕನದು ಬಾಯಿ ಜೋರು, ಕೈ ಧಾರಾಳ. ತರಕಾರಿಯವಳು ಅಳೆದು ಹಾಕಿದ ಮೇಲೆ ಒಂದು ಹಿಡಿ ಕೊಸರು ಹಾಕದಿದ್ದರೆ ಓಬಕ್ಕ ಬುಟ್ಟಿ ಎತ್ತಲು ಬಿಡುತ್ತಿರಲಿಲ್ಲ. ತಾನು ಯಾರಿಗಾದರೂ ರಾಗಿ ಅಳೆದು ಕೊಟ್ಟರೂ ಮೇಲೊಂದು ಬೊಗಸೆ ಸುರಿಯದೆ ಸುಮ್ಮನಾಗುತ್ತಿರಲಿಲ್ಲ. ಅವಳ ಎರಡು ಶೆಡ್ಡುಗಳದ್ದು ತಾಲ್ಲೂಕಿನಲ್ಲೇ ಕಡುಹಸಿರು. ನಕ್ಷೆಯ ಮುಂದೆ ನಿಂತಾಗ ನನಗೂ ಒಳಗೊಳಗೇ ಜಂಬ.

ಆ ಜಂಬ ಇಳಿದದ್ದು ಒಂದು ರಕ್ತಪರೀಕ್ಷೆಯಿಂದ. ಕೊಕ್ಕರೆ ರೋಗದ ಲಸಿಕೆ ಹಾಕಿದ ಮೇಲೆ ಕೋಳಿಯ ರಕ್ತದಲ್ಲಿ ಪ್ರತಿಕಾಯ ಹುಟ್ಟಿದೆಯೇ ಎಂದು ನಾವು ಆಗಾಗ ನೋಡುವುದುಂಟು. ಬಲಸೂಚಿ ಬಂದ ಮೇಲೆ ಆ ಕೆಲಸಕ್ಕೆ ಯಾರೂ ಬೆಲೆ ಕೊಡುತ್ತಿರಲಿಲ್ಲ, ಹಠಕ್ಕೆ ಬಿದ್ದು ನಾನೊಬ್ಬಳು ಮಾಡುತ್ತಿದ್ದೆ. ಓಬಕ್ಕನ ಕೋಳಿಗಳ ರಕ್ತದಲ್ಲಿ ಪ್ರತಿಕಾಯ ಇಲ್ಲವೇ ಇಲ್ಲ ಎನ್ನುವಷ್ಟಿತ್ತು. ಸೀಸೆ ಅದಲುಬದಲಾಗಿರಬೇಕು ಎಂದು ಸಹಾಯಕಿಯ ಮೇಲೆ ರೇಗಿದೆ. ಮತ್ತೆ ನಾನೇ ಹೋಗಿ ರಕ್ತ ತೆಗೆದೆ. ಮತ್ತೆ ಅದೇ. ಬೇರೆ ಫಾರಮ್ಮುಗಳದ್ದನ್ನು ತರಿಸಿದೆ. ಹಸಿರು ಹೆಚ್ಚಿದಷ್ಟೂ ಪ್ರತಿಕಾಯ ಕಡಿಮೆ.

ಎರಡು ಕೋಳಿ ಕುಯ್ದು ನೋಡಿದೆ. ಎಳೆ ಕೋಳಿಯ ಬಾಲದ ಬುಡದ ಒಳಗೆ ನೆಲ್ಲಿಕಾಯಿ ಗಾತ್ರದ ಒಂದು ಚೀಲವಿರುತ್ತದೆ. ಪ್ರತಿಕಾಯ ಮಾಡುವ ಕಣಗಳು ಕಲಿತು ಬೆಳೆಯುವುದು ಅಲ್ಲಿ. ಓಬಕ್ಕನ ಕೋಳಿಗಳಲ್ಲಿ ಆ ಚೀಲ ಕಡಲೆಕಾಳಿನಷ್ಟಾಗಿ ಮುರುಟಿತ್ತು. ಫೀಡು ಮತ್ತು ನೀರನ್ನು ಪರೀಕ್ಷೆಗಿಟ್ಟೆ. ಸತು ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ತಾಮ್ರವೂ ಸೆಲೆನಿಯಮ್ಮೂ ಅದರ ಹಿಂದೆಯೇ.

ಇಷ್ಟೊಂದು ಎಲ್ಲಿಂದ ಬಂತು ಎಂದು ಬೆನ್ನು ಹತ್ತಿದೆ. ಯಾರೂ ಮೋಸ ಮಾಡಿರಲಿಲ್ಲ. ಮಾಡಿದ್ದರೆ ಒಬ್ಬನನ್ನು ಹಿಡಿದು ಬೈದು ಮುಗಿಸಬಹುದಿತ್ತು. ಖನಿಜ ಪುಡಿ ಮಾಡುವವರು, ಗೋದಾಮಿನಲ್ಲಿ ಸತ್ವ ಇಳಿದೀತು ಎಂದು ಮೂಟೆಗೆ ಸ್ವಲ್ಪ ಹೆಚ್ಚಿಗೆ ಬೆರೆಸುತ್ತಿದ್ದರು. ಫೀಡು ಕಲಸುವ ಪಾಲಯ್ಯ, ಓಬಕ್ಕನ ಹೆಸರಿನ ಮೂಟೆಗೆ ಕೊಸರು ಹಾಕದಿದ್ದರೆ ಮೂಟೆ ವಾಪಸ್ ಬರುತ್ತದೆಂದು ನಗುತ್ತಾ ಇನ್ನೊಂದು ಬೊಗಸೆ ಹಾಕುತ್ತಿದ್ದ. ಔಷಧಿ ಅಂಗಡಿಯವನು ನೀರಿಗೆ ಬೆರೆಸುವ ಸತುವಿನ ದ್ರಾವಣ ಕೊಂಡವರಿಗೆ ಚಿಕ್ಕ ಸೀಸೆಯೊಂದನ್ನು ಕೊಸರು ಕೊಡುತ್ತಿದ್ದ. ಅದನ್ನು ಓಬಕ್ಕ ಅಳತೆಗಿಂತ ಒಂದು ಮುಚ್ಚಳ ಮೇಲೆಯೇ ಟ್ಯಾಂಕಿಗೆ ಸುರಿಯುತ್ತಿದ್ದಳು. ಸುರಿದಾಗಲೆಲ್ಲ ದೀಪ ಇನ್ನಷ್ಟು ಹಸಿರಾಗುತ್ತಿತ್ತು. ಆಗದೆ ಏನು? ಸತು ಹೆಚ್ಚಾದಂತೆ ಅದನ್ನು ಕಟ್ಟಿಹಾಕುವ ಪ್ರೋಟೀನು ಹೆಚ್ಚುತ್ತದೆ, ಚಿಪ್ಪು ಓದುವುದು ಅದನ್ನೇ.

ಒಳಗೆ ನಡೆಯುತ್ತಿದ್ದುದು ಬೇರೆ. ಮದುವೆ ಮನೆಯ ಬಾಗಿಲಲ್ಲಿ ಒಂದೇ ಕಡೆಯವರು ನುಗ್ಗಿ ನಿಂತರೆ ಇನ್ನೊಂದು ಕಡೆಯವರು ಬೀದಿಯಲ್ಲೇ ಉಳಿಯುವಂತೆ, ಕರುಳಿನಲ್ಲಿ ಸತು ತುಂಬಿಕೊಂಡು ಉಳಿದ ಲೋಹಗಳಿಗೆ ಒಳಗೆ ಹೋಗಲು ದಾರಿಯಿರಲಿಲ್ಲ, ಅವು ಸಿಗದೆ ಆ ಚೀಲ ಮುರುಟಿತ್ತು. ಕೋಳಿ ನೋಡಲು ದುಂಡಗೆ, ಪುಕ್ಕಕ್ಕೆ ಹೊಳಪು. ಲಸಿಕೆ ಹಾಕಿದರೆ ಅದಕ್ಕೆ ಓಗೊಡಲು ಒಳಗೆ ಯಾರೂ ಇಲ್ಲ. ಕೊಕ್ಕರೆ ರೋಗ ಬಂದರೆ ಒಂದೂ ಉಳಿಯುವುದಿಲ್ಲ.

ಪುಡಿ, ದ್ರಾವಣ ನಿಲ್ಲಿಸಿದರೆ ಆಯಿತಲ್ಲ ಎನ್ನಬಹುದು. ಅಲ್ಲೇ ಇದ್ದದ್ದು ಸಂಕಟ. ಬಲಸೂಚಿ ತನ್ನ ಹಸಿರು ಗೆರೆಯನ್ನು ತಾಲ್ಲೂಕಿನ ಸರಾಸರಿ ನೋಡಿ ತಾನೇ ಹಾಕಿಕೊಳ್ಳುತ್ತಿತ್ತು. ಎಲ್ಲರೂ ಕೊಸರು ಹಾಕಿ ಹಾಕಿ ಸರಾಸರಿ ಎಷ್ಟು ಮೇಲೇರಿತ್ತೆಂದರೆ, ಸರಿಯಾಗಿ ತಿಂದ ಆರೋಗ್ಯವಂತ ಕೋಳಿ ಅದರ ಕಣ್ಣಿಗೆ ಕೆಂಪು. ಪುಡಿ ನಿಲ್ಲಿಸಿದ ಶೆಡ್ಡು ಕೆಂಪಾಗುತ್ತದೆ, ಸುತ್ತಮುತ್ತ ರೋಗ ಬಂದ ದಿನ ಸರಕಾರವೇ ಬಂದು ಕೊಲ್ಲುತ್ತದೆ. ನಿಲ್ಲಿಸದ ಶೆಡ್ಡು ಹಸಿರಾಗಿರುತ್ತದೆ, ರೋಗವೇ ಬಂದು ಕೊಲ್ಲುತ್ತದೆ.

ನಮ್ಮ ಮುಖ್ಯಸ್ಥರು ಡಾಕ್ಟರ್ ಷಡಕ್ಷರಪ್ಪ. ಕೆಟ್ಟವರಲ್ಲ, ಹೆದರಿಕೆಯವರು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಪುಡಿಯ ವಿಷಯ ತಾಲ್ಲೂಕಿಗೆಲ್ಲ ಸಾರಿಬಿಡೋಣ ಎಂದರೆ, ಸಾರಿದ ಮರುದಿನ ಎಲ್ಲ ಶೆಡ್ಡೂ ಕೆಂಪಾಗುತ್ತದೆ, ಅಷ್ಟರಲ್ಲಿ ರೋಗ ಬಂದರೆ ಎಲ್ಲರ ಕೋಳಿಯನ್ನೂ ನಾವೇ ಹೂಳಬೇಕಾಗುತ್ತದೆ, ಅದಕ್ಕೆ ಯಾರು ಹೊಣೆ ಎಂದರು. ಅದು ಸುಳ್ಳಲ್ಲ. ಜೊತೆಗೆ, ಕುಯ್ದ ಕೋಳಿಗಳು ನನ್ನ ಅತ್ತಿಗೆಯವೇ ಆದ್ದರಿಂದ ಮೇಲಿನವರು ಇದನ್ನು ಮನೆಯ ವ್ಯವಹಾರ ಎನ್ನುತ್ತಾರಂತೆ. ಕೊನೆಗೆ ಒಂದು ಮಾತು ಬಿಟ್ಟರು: ಒಂದೇ ತಂಡದ ಮರಿ, ಒಂದೇ ಲಸಿಕೆ, ಒಂದು ಶೆಡ್ಡಿಗೆ ಪುಡಿ ಉಂಟು, ಇನ್ನೊಂದಕ್ಕಿಲ್ಲ, ಹಾಗೆ ಅಕ್ಕಪಕ್ಕ ಇಟ್ಟು ತೋರಿಸಿದರೆ ಯಾರೂ ಬಾಯಿ ತೆರೆಯುವಂತಿಲ್ಲ. ಅಂಥ ಎರಡು ಶೆಡ್ಡು ಇದ್ದದ್ದು ಓಬಕ್ಕನ ಹತ್ತಿರವೇ. ಪರೀಕ್ಷೆಗೆ ಅಪ್ಪಣೆ ಕೊಟ್ಟರು, ಕೆಂಪಾದ ಶೆಡ್ಡನ್ನು ಉಳಿಸುತ್ತೇನೆಂದು ಮಾತ್ರ ಮಾತು ಕೊಡಲಿಲ್ಲ.

ಮನೆಗೆ ಹೋದಾಗ ಓಬಕ್ಕ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನೂ ಎದುರಿಗೆ ಕೂತು ಸುಲಿಯುತ್ತಾ ಎಲ್ಲ ಹೇಳಿದೆ. ಮೊದಲು ನಂಬಲಿಲ್ಲ, ಆಮೇಲೆ ಪಾಲಯ್ಯನಿಗೂ ಔಷಧಿ ಅಂಗಡಿಯವನಿಗೂ ಶಾಪ ಹಾಕಿದಳು, ಆಮೇಲೆ ತಾನೇ ಸುರಿದ ಮುಚ್ಚಳಗಳು ನೆನಪಾಗಿ ಬೆರಳು ಮಡಿಸಿ ಎಣಿಸತೊಡಗಿದಳು.

"ಅಂದ್ರೆ ಎಲ್ಡಕ್ಕೂ ನಿಲ್ಸಿದ್ರೆ ನಿಮ್ಮೋರು ಬಂದು ಹೂಳ್ತಾರೆ, ನಿಲ್ಸದೆ ಹೋದ್ರೆ ರೋಗ ಬಂದು ಎಲ್ಲಾ ಹೋಗ್ತವೆ. ಒಂದಕ್ಕೆ ನಿಲ್ಸಿ ಒಂದಕ್ಕೆ ಹಾಕಿದ್ರೆ, ಅದು ಸತ್ತಿದ್ದ್ ತೋರ್ಸಿ ಇದನ್ನ ಉಳಿಸ್ಕೋಬೋದು. ಅಷ್ಟೇ ತಾನೆ ನೀನ್ ಹೇಳಾದು?"

ಅಷ್ಟೇ ಎಂದೆ. ರೋಗ ಬರದೆಯೂ ಇರಬಹುದು ಅತ್ತಿಗೆ ಎಂದು ಸೇರಿಸಿದೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಯಾವ ಶೆಡ್ಡು ಎಂದು ನನ್ನನ್ನೇ ಕೇಳಿದಳು. ನನ್ನ ಕೈಯಲ್ಲಾಗುವುದಿಲ್ಲ ಎಂದೆ. ಡಾಕ್ಟರಮ್ಮನ ಕೈಯಲ್ಲಾಗದ ಕೆಲಸ ಓದದವಳಿಗೆ ಬಿಟ್ಟೆಯಾ ಎಂದು ಛೇಡಿಸಿದಳು, ನಗು ಮಾತ್ರ ಬರಲಿಲ್ಲ. ಪಡುವಲ ಶೆಡ್ಡಿನ ಮರಿಗಳು ಮೊದಲಿಂದ ಸ್ವಲ್ಪ ಬಡಕಲು. ಮೂಡಲ ಶೆಡ್ಡಿನವು ಒಳ್ಳೇ ಕಸುವಿನವು, ಅವಳ ಬಳೆ ಸದ್ದು ಕೇಳಿದರೆ ಓಡಿಬಂದು ಕಾಲು ಸುತ್ತುವಂಥವು. ಪಡುವಲಿನವಕ್ಕೇ ಪುಡಿ ಮುಂದುವರಿಸುತ್ತಾಳೆಂದು ನಾನು ಅಂದುಕೊಂಡಿದ್ದೆ.

"ಬಡಕಲು ಸತ್ರೆ ನಿಮ್ ಸಾಹೇಬ ಬಡಕಲಾಗಿದ್ವು ಸತ್ವು ಅಂತಾನೆ. ಮೂಡ್ಲ ಶೆಡ್ಡಿಗೆ ಹಾಕು," ಎಂದಳು. ಎದ್ದು ಸಿಪ್ಪೆ ಕೊಡವಿಕೊಂಡು ಒಳಗೆ ಹೋದಳು. ಆ ಸಂಜೆ ಅವಳು ಮೂಡಲ ಶೆಡ್ಡಿಗೆ ಹೋಗಲಿಲ್ಲ, ನೀರಿನ ಟ್ಯಾಂಕು ನಾನೇ ತುಂಬಿಸಿದೆ.

ಮುಂದಿನ ವಾರಗಳಲ್ಲಿ ಪಡುವಲ ಶೆಡ್ಡಿನ ದೀಪ ಹಳದಿಗೆ ಇಳಿಯಿತು, ಆಮೇಲೆ ಕೆಂಪಾಯಿತು. ಫೋನಿನಲ್ಲಿ ಎಲ್ಲರಿಗೂ ಎಲ್ಲರ ದೀಪವೂ ಕಾಣುವುದರಿಂದ ಸುದ್ದಿ ಹಬ್ಬಲು ತಡವಾಗಲಿಲ್ಲ. ಪಾಲಯ್ಯ ಇನ್ನೊಂದು ಬೊಗಸೆ ಹಾಕಿ ಕಳಿಸಲೇ ಎಂದು ಕೇಳಿದ. ಕೋಳಿ ಕೊಳ್ಳಲು ಮಾತಾಡಿಹೋಗಿದ್ದವರು ಫೋನೆತ್ತುವುದು ನಿಲ್ಲಿಸಿದರು. ಸಣ್ಣಬೋರಯ್ಯ ಬೇಲಿಯ ಆಚೆಯೇ ನಿಂತು, ನಿಮ್ಮ ಕಾಲಧೂಳು ನಮ್ಮ ಶೆಡ್ಡಿಗೆ ಬರುವುದು ಬೇಡ ಕಣಕ್ಕ, ಬೇಜಾರು ಮಾಡ್ಕೋಬೇಡ ಎಂದ. ಇಷ್ಟು ವರ್ಷ ಈ ಮನೆಯ ಕಾಫಿ ಕುಡಿದವನು. ಓಬಕ್ಕ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಆ ಹೊತ್ತಿಗೆ ಪರೀಕ್ಷೆ ಮುಗಿಯದೆ ಯಾರ ಮುಂದೆಯೂ ಬಾಯಿಬಿಡಬಾರದೆಂದು ಷಡಕ್ಷರಪ್ಪನವರು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡಿದ್ದರು. ಅವಮಾನವನ್ನೆಲ್ಲ ಮನೆಯೊಳಗೆ ಪಾತ್ರೆಗಳ ಮೇಲೆ ತೀರಿಸಿಕೊಂಡಳು.

ಪ್ರಯೋಗಾಲಯದಲ್ಲಿ ನನಗೆ ಒಳ್ಳೆಯ ಸುದ್ದಿ ಸಿಕ್ಕಿತು. ಪಡುವಲ ಶೆಡ್ಡಿನಿಂದ ತಂದು ಕುಯ್ದ ಕೋಳಿಯಲ್ಲಿ ಮುರುಟಿದ ಚೀಲ ಮತ್ತೆ ಉಬ್ಬತೊಡಗಿತ್ತು. ಎಳೆ ಮೈ, ಅದಕ್ಕೇ ಚೇತರಿಸಿಕೊಂಡಿತು. ಎರಡೂ ಶೆಡ್ಡಿಗೆ ಮತ್ತೊಮ್ಮೆ ಲಸಿಕೆ ಹಾಕಿದೆವು. ಕೆಂಪು ಶೆಡ್ಡಿನ ರಕ್ತದಲ್ಲಿ ಪ್ರತಿಕಾಯ ಚೆನ್ನಾಗಿ ಏರಿತು, ಹಸಿರು ಶೆಡ್ಡಿನದರಲ್ಲಿ ಏರಲಿಲ್ಲ. ನಾನು ಕುಣಿಯುವುದೊಂದು ಬಾಕಿ. ಷಡಕ್ಷರಪ್ಪನವರು ವರದಿಯನ್ನು ಮೇಲಕ್ಕೆ ಕಳಿಸಿದರು. ಮೇಲಿನವರು, ರಕ್ತದಲ್ಲಿ ಇದ್ದರೇನಾಯಿತು, ರೋಗ ಬಂದಾಗ ತಡೆಯುತ್ತದೆಂಬುದಕ್ಕೆ ಪುರಾವೆ ಏನು ಎಂದು ಕೇಳಿದರು. ಆ ಕಾಗದ ಓದಿ ನನಗೆ ಬಂದ ಸಿಟ್ಟಿಗೆ ಒಂದು ಗಾಜಿನ ಬೀಕರು ಹೋಯಿತು.

ಪುರಾವೆ ತಾನಾಗಿ ಬಂತು. ಕೆರೆಯಾಚೆಯ ಫಾರಮ್ಮೊಂದರಲ್ಲಿ ಕೊಕ್ಕರೆ ರೋಗ ಕಾಣಿಸಿಕೊಂಡಿತು. ಅದೂ ಹಸಿರು ಶೆಡ್ಡೇ. ಯಂತ್ರ ಕೆಟ್ಟಿರಬೇಕು ಎಂದರು ಜನ. ಎರಡೇ ದಿನಕ್ಕೆ ನಮ್ಮ ಮೂಡಲ ಶೆಡ್ಡಿನ ಕೋಳಿಗಳು ಮೇವು ಬಿಟ್ಟವು. ಬಾಯಿ ತೆರೆದು ಉಸಿರೆಳೆಯತೊಡಗಿದವು, ಆಮೇಲೆ ಕತ್ತು ತಿರುಚಿಕೊಂಡು ಒಂದೊಂದೇ ಮಗುಚಿ ಬಿದ್ದವು. ಓಬಕ್ಕ ಈಗ ದಿನವಿಡೀ ಆ ಶೆಡ್ಡಿನಲ್ಲೇ. ಪಡುವಲಿಗೆ ಹೋಗುವ ಮುನ್ನ ಮಿಂದು, ಬಟ್ಟೆ ಬದಲಿಸಿ, ಸುಣ್ಣದ ನೀರಿನಲ್ಲಿ ಕಾಲದ್ದಿ ಹೋಗುತ್ತಿದ್ದಳು. ಅಷ್ಟು ಮಾಡಿದರೂ ರೋಗ ಅಲ್ಲಿಗೂ ಹೋಗಿಯೇ ಹೋಯಿತು. ಪಡುವಲಿನವು ಒಂದು ದಿನ ಮಂಕಾಗಿ ಕೂತವು, ಬೆರಳೆಣಿಕೆಯಷ್ಟು ಸತ್ತವು, ಉಳಿದವು ಮಾರನೆಯ ದಿನ ಎದ್ದು ಮೇವಿಗೆ ಕಿತ್ತಾಡತೊಡಗಿದವು.

ಕೆರೆಯಾಚೆಯ ರೋಗ ಖಾತ್ರಿಯಾಗಿ, ಅದೇ ಬೆಳಗ್ಗೆ ನಮ್ಮ ಪ್ರಯೋಗಾಲಯದ ನಿಯಂತ್ರಣ ಕೊಠಡಿಯಲ್ಲಿ ಆದೇಶ ಹೊರಬಿತ್ತು. ರೋಗದ ವಲಯ ಸಾರಲಾಗಿದೆ, ಕೆಂಪು ಶೆಡ್ಡು ಒಂದೇ ಒಂದು, ಓಬಕ್ಕನ ಪಡುವಲ ಶೆಡ್ಡು, ಕೊಂದು ಹೂಳತಕ್ಕದ್ದು. ನಾನು ನಕ್ಷೆ ನೋಡಿದೆ. ಮೂಡಲ ಶೆಡ್ಡು ಇನ್ನೂ ಹಸಿರು. ಕೋಳಿ ಕುಟುಕಿದರೆ ತಾನೆ ಚಿಪ್ಪಿಗೆ ಹೊಸ ಓದು ಸಿಗುವುದು. ಕುಟುಕುವವರೇ ಇಲ್ಲದಾಗ ಅದು ಕೊನೆಯ ಓದನ್ನೇ ಹಿಡಿದುಕೊಂಡು ಕೂತಿತ್ತು. ಷಡಕ್ಷರಪ್ಪನವರ ಕೋಣೆಗೆ ಹೋಗಿ, ಸಹಿ ಬೇಡ ಸಾರ್, ಕಾರು ಹತ್ತಿ ಸಾಕು ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡರು.

ನಾವು ಹೋಗುವಷ್ಟರಲ್ಲಿ ಬಿಳಿ ಅಂಗಿಯ ತಂಡದವರು ಬಂದು ಯಂತ್ರದಲ್ಲಿ ಗುಂಡಿ ತೋಡಿ ಆಗಿತ್ತು. ಓಬಕ್ಕ ಪಡುವಲ ಶೆಡ್ಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅಳುತ್ತಿರಲಿಲ್ಲ, ಅತ್ತು ಮುಗಿದಿತ್ತು. ತಂಡದ ಮುಖಂಡ ಫೋನು ಹಿಡಿದು ಆದೇಶ ತೋರಿಸುತ್ತಿದ್ದ. ಷಡಕ್ಷರಪ್ಪನವರನ್ನು ಕಂಡು ಅವಳು ಬಾಗಿಲು ಬಿಡದೆಯೇ ಕೈಮುಗಿದಳು.

"ಸಾಹೇಬ್ರೆ, ಸತ್ತಿರೋವು ಹಸಿರು ಅದಾವೆ, ಬದುಕಿರೋವು ಕೆಂಪು ಅದಾವೆ. ಯಾವ್ನ ಹೂಳ್ಲಿ, ನೀವೇ ಹೇಳ್ರಿ."

ಅವರು ಮೂಡಲ ಶೆಡ್ಡಿಗೆ ಹೋಗಿ ನೋಡಿದರು. ಬಾಗಿಲ ಮೇಲೆ ದೀಪ ಹಸಿರಾಗಿ ಉರಿಯುತ್ತಿತ್ತು, ಒಳಗೆ ಒಂದು ಸದ್ದಿಲ್ಲ. ಪಡುವಲಿಗೆ ಬಂದರು. ಅಲ್ಲಿಯ ಗದ್ದಲದಲ್ಲಿ ಅವರ ಮಾತು ನನಗೇ ಕೇಳಿಸಲಿಲ್ಲ, ಎರಡನೇ ಸಲ ಹೇಳಿಸಿಕೊಂಡೆ. ಪೆನ್ನು ಇದೆಯಾ ಎಂದು ಕೇಳುತ್ತಿದ್ದರು. ಆದೇಶ ತಡೆದು ನನ್ನ ಬೆನ್ನನ್ನೇ ಮೇಜು ಮಾಡಿಕೊಂಡು ಸಹಿ ಹಾಕಿದರು. ಆಮೇಲೆ ತಾಲ್ಲೂಕಿನ ನಕ್ಷೆಯನ್ನು ಫೋನಿನಲ್ಲಿ ತೆರೆದು, ಇದಿಷ್ಟೂ ಹಸಿರಲ್ಲವೇನಮ್ಮ ಎಂದು ಕೇಳಿ ಅಲ್ಲೇ ಫೀಡಿನ ಮೂಟೆಯ ಮೇಲೆ ಕುಳಿತುಬಿಟ್ಟರು. ಆ ಮುದುಕರ ಮೇಲೆ ನನಗೆ ಮೊದಲ ಸಲ ಕನಿಕರ ಬಂತು.

ಗುಂಡಿ ಮೂಡಲ ಶೆಡ್ಡಿನವಕ್ಕಾಯಿತು. ತಂಡದವರು ಕೈ ಹಾಕಲು ಹೋದಾಗ ಓಬಕ್ಕ ಬೇಡ ಎಂದಳು. ಅವರದೇ ಕೈಗವಸು, ಮುಖಗವಸು ಹಾಕಿಕೊಂಡು ತಾನೇ ಬುಟ್ಟಿ ಬುಟ್ಟಿ ಹೊತ್ತಳು. ನಾನೂ ಹೊತ್ತೆ. ಮುಖಗವಸಿನೊಳಗೆ ಅಳುವುದು ಬಹಳ ಕಷ್ಟ, ಮೂಗು ಕಟ್ಟುತ್ತದೆ.

ಮಣ್ಣು ಮುಚ್ಚುವ ಮೊದಲು ಸಣ್ಣಬೋರಯ್ಯ ಬೇಲಿಯ ಹತ್ತಿರ ಬಂದ. ಹಸಿರು ಶೆಡ್ಡು ಹೀಗಾಯಿತಲ್ಲಕ್ಕ ಎಂದು ನಿಜವಾಗಿಯೂ ಮರುಗಿದ. ಇನ್ನು ಯಾವ ಮಾತಿನ ಕಟ್ಟೂ ಇರಲಿಲ್ಲವಾಗಿ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ: ಸತು, ಪುಡಿ, ದ್ರಾವಣ, ಗೆರೆ ಏರಿದ್ದು, ಚೀಲ ಮುರುಟಿದ್ದು. ಇವತ್ತೇ ನಿಲ್ಲಿಸು, ಸಾಹೇಬರು ಇಲ್ಲೇ ಇದ್ದಾರೆ, ಕೆಂಪಾದರೂ ಯಾರೂ ಹೂಳುವುದಿಲ್ಲ, ರೋಗ ಇನ್ನೂ ನಿನ್ನ ಶೆಡ್ಡಿಗೆ ಬಂದಿಲ್ಲ, ನಾಳೆ ಬಂದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದೆ. ಅವನು ತಾಳ್ಮೆಯಿಂದ ಕೇಳಿ, ಜೇಬಿನಿಂದ ಫೋನು ತೆಗೆದು ನನ್ನ ಮುಂದೆ ಹಿಡಿದ.

"ನಮ್ದು ಇವತ್ತು ಬೆಳಗ್ಗೆನೂ ಕಡುಹಸಿರೇ ಐತೆ ಕಣಮ್ಮ."

ಓಬಕ್ಕ ಕೈಗವಸು ಕಳಚಿ, ಸುಣ್ಣದ ನೀರಿನಲ್ಲಿ ಕೈ ತೊಳೆದು, ಬೇಲಿಯ ಗೇಟು ತೆಗೆದಳು. ಅವನ ತೋಳು ಹಿಡಿದು, ಫೋನು ಹಿಡಿದ ಕೈಯ ಸಮೇತ, ಗುಂಡಿಯ ಅಂಚಿಗೆ ಕರೆದುಕೊಂಡು ಬಂದು ನಿಲ್ಲಿಸಿದಳು.

"ನೋಡು," ಎಂದಳು. "ಇವು ನನ್ನ ಕಡುಹಸಿರು."